ಪಾಲು ಸಿಕ್ಕಿತು, ಪರಿಚಯ ಸಿಗಲಿಲ್ಲ

ನಮಗೆ ಹತ್ತಿರದಿಂದ ಗೊತ್ತಿರುವ ಒಂದು ಕುಟುಂಬ. ಆ ಮನೆಯ ಯಜಮಾನರು ಪಟ್ಟಣದ ಮುಖ್ಯರಸ್ತೆಯಲ್ಲಿ ಇಪ್ಪತ್ತೆರಡು ವರ್ಷ ಪ್ಲೈವುಡ್ ಅಂಗಡಿ ನಡೆಸಿದರು. ಒಂದು ಮುಂಜಾನೆ ಹೃದಯಾಘಾತದಿಂದ ತೀರಿಕೊಂಡರು. ಗಂಡು ಮಕ್ಕಳಿರಲಿಲ್ಲ. ಒಬ್ಬಳೇ ಮಗಳು, ಬಿ.ಕಾಂ. ಓದಿದವಳು. ಮೂರು ವರ್ಷಗಳಿಂದ ಅಂಗಡಿಯ ಲೆಕ್ಕಪತ್ರವನ್ನು ಮನೆಯಲ್ಲೇ ಕುಳಿತು ಬರೆಯುತ್ತಿದ್ದಳು. ಯಾವ ಮಾಲು ಎಷ್ಟಿದೆ, ಯಾವ ಗುತ್ತಿಗೆದಾರನಿಂದ ಎಷ್ಟು ಬಾಕಿ ಬರಬೇಕು, ಯಾವ ಕಂಪೆನಿಗೆ ಎಷ್ಟು ಕೊಡಬೇಕು ಎಂಬುದೆಲ್ಲ ತಂದೆಗಿಂತಲೂ ಆಕೆಗೇ ಚೆನ್ನಾಗಿ ತಿಳಿದಿತ್ತು. ಹಿರಿಯರು ಕೂತು ಶರೀಅತ್ತಿನಂತೆ ಪಾಲು ಮಾಡಿದರು. ಪತ್ನಿಗೆ ಎಂಟನೆಯ ಒಂದು, ಮಗಳಿಗೆ ಅರ್ಧ, ಉಳಿದದ್ದು ಮೃತರ ಸಹೋದರನಿಗೆ. ಲೆಕ್ಕ ಹಾಕಿ ನೋಡಿದರೆ ಎಂಟರಲ್ಲಿ ಐದು ಪಾಲು ಹೆಂಗಸರದ್ದು. ಅನ್ಯಾಯವಾಗಲಿಲ್ಲ, ಯಾರೂ ಯಾರ ಹಕ್ಕನ್ನೂ ಕಸಿಯಲಿಲ್ಲ. ನಮ್ಮ ಸಮುದಾಯದಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡದೆ ಬಾಯಿ ಮುಚ್ಚಿಸುವ ಮನೆಗಳು ಎಷ್ಟಿವೆ ಎಂಬುದನ್ನು ಬಲ್ಲ ನಮಗೆ ಇದೇ ದೊಡ್ಡ ಸಮಾಧಾನವಾಗಿತ್ತು.

ಮಗಳು ಅಂಗಡಿಯಲ್ಲಿ ಕುಳಿತಳು. ಆರು ತಿಂಗಳೂ ಆಗಲಿಲ್ಲ. ಅರುವತ್ತು ದಿನಗಳ ಉದ್ರಿಗೆ ಮಾಲು ಕಳುಹಿಸುತ್ತಿದ್ದ ಸಗಟು ವರ್ತಕರು ನಗದು ಕೇಳತೊಡಗಿದರು. ಬಾಕಿ ಉಳಿಸಿಕೊಂಡಿದ್ದ ಗುತ್ತಿಗೆದಾರರು ಫೋನು ಎತ್ತುವುದನ್ನು ನಿಲ್ಲಿಸಿದರು. ಮರಗೆಲಸದವರು ಪಕ್ಕದ ಬೀದಿಯ ಅಂಗಡಿಗೆ ಹೋದರು. ಕೊನೆಗೆ ಚಿಕ್ಕಪ್ಪ ಬಂದು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತರು. ಅವರು ಅಲ್ಲಿಯವರೆಗೆ ಗಲ್ಫ್‌ನಲ್ಲಿದ್ದವರು. ಪ್ಲೈವುಡ್ಡಿನ ವ್ಯವಹಾರದ ಗಂಧ ಗಾಳಿ ಅವರಿಗಿರಲಿಲ್ಲ. ಆದರೆ ಹದಿನೈದೇ ದಿನಗಳಲ್ಲಿ ಉದ್ರಿ ಮತ್ತೆ ಶುರುವಾಯಿತು. ಈಗಲೂ ಲೆಕ್ಕ ಬರೆಯುವವಳು ಆ ಹುಡುಗಿಯೇ, ಅದೇ ಹಳೆಯ ಜಾಗದಲ್ಲಿ, ಮನೆಯ ಊಟದ ಮೇಜಿನ ಮೇಲೆ.

ಇಲ್ಲಿ ಕೆಟ್ಟವರು ಯಾರು? ನಾವು ವಿಚಾರಿಸಿ ನೋಡಿದೆವು. ಕೆಟ್ಟವರು ಸಿಗಲಿಲ್ಲ. ಚಿಕ್ಕಪ್ಪ ಒಳ್ಳೆಯವರು. ಸಗಟು ವರ್ತಕರೂ ಮೃತರನ್ನು ನೆನೆದು ಕಣ್ಣೀರು ಹಾಕಿದವರೇ. ಅವರು ಹೇಳಿದ ಮಾತು ಸರಳವಾಗಿತ್ತು: ಉದ್ರಿಯನ್ನು ಕೊಟ್ಟದ್ದು ಅಂಗಡಿಗಲ್ಲ, ದಿನಾ ರಾತ್ರಿ ಇಶಾ ನಮಾಝಿನ ಬಳಿಕ ಹೊಟೇಲಿನ ಒಂದೇ ಮೇಜಿನಲ್ಲಿ ಚಹಾ ಕುಡಿಯುತ್ತಿದ್ದ ಸ್ನೇಹಿತನಿಗೆ. ಯಾವ ಮಾಲಿನ ಬೆಲೆ ಏರುತ್ತದೆ, ಯಾರ ಚೆಕ್ಕು ವಾಪಸಾಗಿದೆ, ಯಾವ ಬಡಾವಣೆಯಲ್ಲಿ ಹೊಸ ಕಟ್ಟಡ ಏಳುತ್ತಿದೆ ಎಂಬುದೆಲ್ಲ ಆ ಮೇಜಿನಲ್ಲಿ ಗೊತ್ತಾಗುತ್ತಿತ್ತು. ಅಂಗಡಿಯ ನಿಜವಾದ ಬಂಡವಾಳ ಗೋದಾಮಿನಲ್ಲಿರಲಿಲ್ಲ. ಗೋದಾಮಿನ ಎಂಟನೆಯ ಐದು ಪಾಲು ಹೆಂಗಸರಿಗೆ ಬಂತು. ಚಹಾದ ಮೇಜಿನಲ್ಲಿ ಒಂದು ಕುರ್ಚಿಯೂ ಬರಲಿಲ್ಲ.

ಇದನ್ನು ಓದಿ, 'ಇದು ನಮ್ಮ ಸಮುದಾಯದ ಹಿಂದುಳಿದಿರುವಿಕೆ' ಎಂದು ಯಾರಾದರೂ ತೀರ್ಮಾನಿಸುವುದಾದರೆ ಸ್ವಲ್ಪ ತಾಳಬೇಕು. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಅಗಸ್ಟಾ ನ್ಯಾಷನಲ್ ಎಂಬ ಗಾಲ್ಫ್ ಕ್ಲಬ್ಬಿದೆ. ವರ್ಷಕ್ಕೊಮ್ಮೆ ಮಾಸ್ಟರ್ಸ್ ಪಂದ್ಯಾಟ ನಡೆಯುವುದು ಅಲ್ಲೇ. ಅದರ ಸದಸ್ಯತ್ವಕ್ಕೆ ಅರ್ಜಿ ಹಾಕುವ ಕ್ರಮವಿಲ್ಲ. ಒಳಗಿದ್ದವರು ಕರೆದರೆ ಮಾತ್ರ ಪ್ರವೇಶ. ದೊಡ್ಡ ದೊಡ್ಡ ಕಂಪೆನಿಗಳ ಮುಖ್ಯಸ್ಥರು ಅಲ್ಲಿ ಹಸಿರು ಕೋಟು ಧರಿಸಿ ಓಡಾಡುತ್ತಾರೆ. ಕರಿಯ ಜನಾಂಗದ ಒಬ್ಬ ಸದಸ್ಯನನ್ನು ಆ ಕ್ಲಬ್ಬು ಮೊದಲ ಬಾರಿಗೆ ಸೇರಿಸಿಕೊಂಡದ್ದು 1990ರಲ್ಲಿ. ಮಹಿಳೆಯರನ್ನು ಯಾಕೆ ಸೇರಿಸುತ್ತಿಲ್ಲ ಎಂದು 2002ರಲ್ಲಿ ಮಾರ್ತಾ ಬರ್ಕ್ ಎಂಬ ಮಹಿಳಾ ನಾಯಕಿ ಪತ್ರ ಬರೆದು ಕೇಳಿದಾಗ ಕ್ಲಬ್ಬಿನ ಅಧ್ಯಕ್ಷರು ಕೆರಳಿದರು. ಪ್ರಾಯೋಜಕರ ಮೇಲೆ ಒತ್ತಡ ಬರಬಾರದೆಂದು ಎರಡು ವರ್ಷ, 2003 ಮತ್ತು 2004ರಲ್ಲಿ, ಜಾಹೀರಾತೇ ಇಲ್ಲದೆ ಪಂದ್ಯದ ನೇರಪ್ರಸಾರ ನಡೆಸಿದರು. ಹಣ ಹೋದರೂ ಚಿಂತೆಯಿಲ್ಲ, ಹೆಣ್ಣು ಬರುವುದು ಬೇಡ!

ಆಮೇಲೆ 2012 ಬಂತು. ಆ ವರ್ಷದ ಜನವರಿಯಲ್ಲಿ ವರ್ಜೀನಿಯಾ ರೊಮೆಟ್ಟಿ ಎಂಬವರು ಐಬಿಎಂ ಕಂಪೆನಿಯ ಮುಖ್ಯ ಕಾರ್ಯನಿರ್ವಾಹಕಿಯಾದರು. ಆ ಹುದ್ದೆಗೇರಿದ ಮೊದಲ ಮಹಿಳೆ ಅವರು. ಐಬಿಎಂ ಮಾಸ್ಟರ್ಸ್ ಪಂದ್ಯಾಟದ ಪ್ರಮುಖ ಪ್ರಾಯೋಜಕರಲ್ಲೊಂದು. ಅದಕ್ಕೂ ಮುಂಚಿನ ನಾಲ್ವರು ಐಬಿಎಂ ಮುಖ್ಯಸ್ಥರಿಗೆ ಕ್ಲಬ್ಬು ಸದಸ್ಯತ್ವ ನೀಡಿತ್ತು. ಐದನೆಯವರು ಹೆಣ್ಣಾಗಿಬಿಟ್ಟರು. ಆ ಏಪ್ರಿಲ್‌ನಲ್ಲಿ ರೊಮೆಟ್ಟಿ ಪಂದ್ಯಾಟಕ್ಕೆ ಬಂದರು. ತನ್ನ ಕಂಪೆನಿಯ ಹಣದಲ್ಲಿ ನಡೆಯುತ್ತಿದ್ದ ಕೂಟದಲ್ಲಿ ಅವರು ಅತಿಥಿ ಮಾತ್ರ! ಅದೇ ವರ್ಷದ ಆಗಸ್ಟ್‌ನಲ್ಲಿ ಕ್ಲಬ್ಬು ಮಾಜಿ ವಿದೇಶಾಂಗ ಸಚಿವೆ ಕಾಂಡೊಲೀಸಾ ರೈಸ್ ಮತ್ತು ಹಣಕಾಸು ಉದ್ಯಮಿ ಡಾರ್ಲಾ ಮೂರ್ ಎಂಬಿಬ್ಬರಿಗೆ ಹಸಿರು ಕೋಟು ತೊಡಿಸಿತು. ರೊಮೆಟ್ಟಿಯವರಿಗೆ ಅದು ದೊರೆತ ಸುದ್ದಿ ಬಂದದ್ದು 2014ರಲ್ಲಿ.

ಇಷ್ಟಕ್ಕೂ ಒಂದು ಗಾಲ್ಫ್ ಕ್ಲಬ್ಬಿನ ಸದಸ್ಯತ್ವಕ್ಕೆ ಇಷ್ಟು ರಂಪ ಏಕೆ? ಆಡಬೇಕೆನಿಸಿದರೆ ಬೇರೆ ಮೈದಾನವಿಲ್ಲವೇ? ಪ್ರಶ್ನೆ ಸಹಜವಾದುದೇ. ಆದರೆ ಅಲ್ಲಿಗೆ ಯಾರೂ ಚೆಂಡು ಹೊಡೆಯಲಿಕ್ಕಾಗಿಯೇ ಹೋಗುವುದಿಲ್ಲ. ನಾಲ್ಕು ಗಂಟೆ ಜೊತೆಯಾಗಿ ನಡೆಯುತ್ತಾ ಎದುರಿಗಿರುವವನ ಸ್ವಭಾವವನ್ನು ಅಳೆಯುವುದು, ಯಾವ ಕಂಪೆನಿ ಮಾರಾಟಕ್ಕಿದೆ ಎಂಬ ಸುಳಿವು ಹಿಡಿಯುವುದು, ಯಾರನ್ನು ನಿರ್ದೇಶಕನನ್ನಾಗಿ ಮಾಡಬಹುದೆಂದು ಪರಸ್ಪರ ಕೇಳಿಕೊಳ್ಳುವುದು ಇವೆಲ್ಲ ಆ ನಡಿಗೆಯ ಭಾಗ. ಅಧಿಕೃತ ಸಭೆಯಲ್ಲಿ ಆಗುವುದು ಬಹುತೇಕ ಸಹಿ ಮಾತ್ರ.

ಇದನ್ನು ಅಮೆರಿಕದ ಸುಪ್ರೀಮ್ ಕೋರ್ಟ್ ಬಹಳ ಹಿಂದೆಯೇ ಗುರುತಿಸಿತ್ತು. ನಮ್ಮ ಪಟ್ಟಣಗಳಲ್ಲೂ ಇರುವ ರೋಟರಿ ಕ್ಲಬ್ಬು 1905ರಲ್ಲಿ ಶಿಕಾಗೋದಲ್ಲಿ ಹುಟ್ಟಿದ್ದು ವ್ಯಾಪಾರಿಗಳ, ವೃತ್ತಿಪರರ ಗೆಳೆತನದ ಕೂಟವಾಗಿ. ಎಂಟು ದಶಕಗಳ ಕಾಲ ಅದು ಗಂಡಸರ ಸಂಘವೇ ಆಗಿತ್ತು. ಕ್ಯಾಲಿಫೋರ್ನಿಯಾದ ಡುಆರ್ಟೆ ಎಂಬ ಸಣ್ಣ ಊರಿನ ರೋಟರಿ ಘಟಕವು 1977ರಲ್ಲಿ ಮೂವರು ಮಹಿಳೆಯರನ್ನು ಸೇರಿಸಿಕೊಂಡಿತು. ಸದಸ್ಯರ ಸಂಖ್ಯೆ ಇಳಿದು ಕ್ಲಬ್ಬು ಸೊರಗುತ್ತಿತ್ತು ಎಂಬುದೂ ಒಂದು ಕಾರಣ. ಕೇಂದ್ರ ಸಂಸ್ಥೆ ಆ ಘಟಕದ ಮಾನ್ಯತೆಯನ್ನೇ ರದ್ದು ಮಾಡಿತು. ಹತ್ತು ವರ್ಷ ಕೋರ್ಟು ಅಲೆದ ಬಳಿಕ, 1987ರ ಮೇ ತಿಂಗಳಲ್ಲಿ ಸುಪ್ರೀಮ್ ಕೋರ್ಟ್ ಮಹಿಳೆಯರ ಪರ ತೀರ್ಪಿತ್ತಿತು. ಇದು ನಾಲ್ಕು ಮಂದಿ ಸ್ನೇಹಿತರ ಖಾಸಗಿ ಕೂಟವಲ್ಲ, ವ್ಯಾಪಾರದ ಸಂಪರ್ಕಗಳು ದೊರೆಯುವ ಜಾಗ, ಇಲ್ಲಿ ಹೆಣ್ಣೆಂಬ ಕಾರಣಕ್ಕೆ ಬಾಗಿಲು ಹಾಕುವಂತಿಲ್ಲ ಎಂಬುದು ಆ ತೀರ್ಪಿನ ಹುರುಳು. ಆ ಡುಆರ್ಟೆ ಘಟಕದ ಸಿಲ್ವಿಯಾ ವಿಟ್ಲಾಕ್ ಅದೇ ವರ್ಷ ರೋಟರಿಯ ಮೊದಲ ಮಹಿಳಾ ಅಧ್ಯಕ್ಷೆಯಾದರು. ಇಡೀ ವಿಶ್ವ ರೋಟರಿಗೆ ಮಹಿಳೆಯೊಬ್ಬರು ಅಧ್ಯಕ್ಷೆಯಾಗಲು ಮಾತ್ರ 2022ರವರೆಗೆ ಕಾಯಬೇಕಾಯಿತು.

ಲಂಡನ್ನಿನ ಗ್ಯಾರಿಕ್ ಕ್ಲಬ್ಬಿನ ಕತೆ ಇನ್ನೂ ಇತ್ತೀಚಿನದ್ದು. 1831ರಲ್ಲಿ ಸ್ಥಾಪನೆಯಾದ ಆ ಕ್ಲಬ್ಬು ಮಹಿಳೆಯರಿಗೆ ಸದಸ್ಯತ್ವದ ಬಾಗಿಲು ತೆರೆದದ್ದು 2024ರ ಮೇ ತಿಂಗಳಲ್ಲಿ. ಅದೂ ಸದಸ್ಯರ ಪಟ್ಟಿಯನ್ನು ಒಂದು ಪತ್ರಿಕೆ ಬಯಲು ಮಾಡಿದ ಮೇಲೆ. ಪಟ್ಟಿಯಲ್ಲಿ ಸರಕಾರಿ ಸೇವೆಯ ಮುಖ್ಯಸ್ಥರಿದ್ದರು, ಗುಪ್ತಚರ ಸಂಸ್ಥೆಯ ಮುಖ್ಯಸ್ಥರಿದ್ದರು, ನ್ಯಾಯಾಧೀಶರಿದ್ದರು. ಹಗಲಿನಲ್ಲಿ ಸಮಾನತೆಯ ಸುತ್ತೋಲೆಗೆ ಸಹಿ ಹಾಕಿ ಸಂಜೆ ಹೆಂಗಸರಿಗೆ ಪ್ರವೇಶವಿಲ್ಲದ ಊಟದ ಮನೆಗೆ ಹೋಗುವವರು! ಮೊದಲ ಇಬ್ಬರು ಪಟ್ಟಿ ಪ್ರಕಟವಾದ ಬೆನ್ನಿಗೇ ರಾಜೀನಾಮೆ ಕೊಟ್ಟರು. ಪಾಶ್ಚಾತ್ಯರು ನಮ್ಮ ಹೆಣ್ಣುಮಕ್ಕಳ ಬಿಡುಗಡೆಯ ಬಗ್ಗೆ ಉಪದೇಶ ಮಾಡುವಾಗ ಈ 2024 ಎಂಬ ಇಸವಿಯನ್ನು ನೆನಪಿಸುವುದು ತಪ್ಪಲ್ಲ. ಆದರೆ ಅವರ ತಪ್ಪನ್ನು ತೋರಿಸಿ ನಮ್ಮ ತಪ್ಪನ್ನು ಮುಚ್ಚಿಕೊಳ್ಳುವ ಚಾಳಿ ನಮ್ಮಲ್ಲಿ ಬೇಕಾದಷ್ಟಿದೆ. ಈ ಬರಹ ಅದಕ್ಕಾಗಿ ಅಲ್ಲ.

'ಸ್ನೇಹದಿಂದ ನಿಜವಾಗಿಯೂ ಬಡ್ತಿ ಸಿಗುತ್ತದೆಯೇ, ಅಥವಾ ಸೋತವರ ಸಬೂಬೇ ಇದು?' ಎಂದು ಕೇಳುವವರಿದ್ದಾರೆ. ಜೋಯಿ ಕಲೆನ್ ಮತ್ತು ರಿಕಾರ್ಡೊ ಪೆರೆಜ್ ಟ್ರೂಗ್ಲಿಯಾ ಎಂಬ ಅರ್ಥಶಾಸ್ತ್ರಜ್ಞರು ಏಷ್ಯಾದ ಒಂದು ದೊಡ್ಡ ಬ್ಯಾಂಕಿನ ಸಿಬ್ಬಂದಿಯ ದಾಖಲೆಗಳನ್ನು ಹಿಡಿದು ಇದನ್ನೇ ಪರೀಕ್ಷಿಸಿದರು. ಅವರ ಪ್ರಬಂಧ 2023ರಲ್ಲಿ ಅಮೆರಿಕದ ಪ್ರಮುಖ ಅರ್ಥಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟವಾಯಿತು. ಗಂಡಸಾದ ನೌಕರ ಗಂಡಸಾದ ಮೇಲಧಿಕಾರಿಯ ಕೈಕೆಳಗೆ ಬಂದರೆ ಬೇಗ ಬಡ್ತಿ ಪಡೆಯುತ್ತಾನೆ. ಮಹಿಳಾ ನೌಕರರಿಗೆ ಮೇಲಧಿಕಾರಿ ಗಂಡಾದರೂ ಒಂದೇ, ಹೆಣ್ಣಾದರೂ ಒಂದೇ. ಬಡ್ತಿ ಪಡೆದ ಗಂಡಸರು ಹೆಚ್ಚು ದುಡಿದರೇ ಎಂದು ನೋಡಿದರೆ ಕೆಲಸದಲ್ಲಿ ಅಂತಹ ವ್ಯತ್ಯಾಸವೇನೂ ಕಾಣಲಿಲ್ಲ. ಹಾಗಾದರೆ ಗುಟ್ಟು ಎಲ್ಲಿ? ಸಂಶೋಧಕರು ಒಂದು ಜಾಣತನ ಮಾಡಿದರು. ಸಿಗರೇಟು ಸೇದುವ ನೌಕರರನ್ನೂ ಸೇದುವ ಅಧಿಕಾರಿಗಳನ್ನೂ ಪ್ರತ್ಯೇಕವಾಗಿ ಗಮನಿಸಿದರು. ಸೇದುವ ನೌಕರನಿಗೆ ಸೇದುವ ಅಧಿಕಾರಿ ಸಿಕ್ಕಿದಾಗ ಇಬ್ಬರೂ ಜೊತೆಯಾಗಿ ಹೊರಗೆ ಹೋಗಿ ನಿಲ್ಲುವುದು ಹೆಚ್ಚಿತು, ಬಡ್ತಿಯೂ ಬೇಗ ಬಂತು. ಆ ಬ್ಯಾಂಕಿನಲ್ಲಿ ಹೆಣ್ಣು ಗಂಡಿನ ನಡುವಿನ ಬಡ್ತಿಯ ಅಂತರದಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಗಂಡಸರು ಗಂಡಸರಿಗೆ ಒದಗುವ ಈ ಅನುಕೂಲವೇ ಕಾರಣವೆಂದು ಅವರು ಲೆಕ್ಕ ಹಾಕಿದರು. ಸಿಗರೇಟು ಆರೋಗ್ಯಕ್ಕೆ ಹಾನಿಕರ ಎಂದಷ್ಟೇ ನಾವು ಇಷ್ಟರವರೆಗೆ ಬರೆಯುತ್ತಿದ್ದೆವು!

ಇನ್ನೊಂದು ಅಧ್ಯಯನ ಇದಕ್ಕಿಂತ ಬಹಳ ಹಳೆಯದು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನವದು. ಮನುಷ್ಯನಿಗೆ ಉದ್ಯೋಗದ ಸುದ್ದಿ ತಲುಪುವುದು ಆಪ್ತರಿಂದಲ್ಲ, ಬದಲಾಗಿ ಅಪರೂಪಕ್ಕೆ ಭೇಟಿಯಾಗುವ ದೂರದ ಪರಿಚಯಸ್ಥರಿಂದಲೇ ಹೆಚ್ಚು ಎಂದು ಅವರು ತೋರಿಸಿಕೊಟ್ಟರು. ಕಾರಣ ಸುಲಭ: ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರಬೇಕಾದರೆ ಹೊರಗಿನವನೇ ಬೇಕು. ಇದನ್ನು ನಮ್ಮ ಮನೆಗಳಿಗೆ ಹೊಂದಿಸಿ ನೋಡಿ. ನಮ್ಮ ಹೆಣ್ಣುಮಕ್ಕಳಿಗೆ ನಂಟರ ಪರಿಚಯಕ್ಕೆ ಬರವಿಲ್ಲ. ಮೂರು ತಲೆಮಾರಿನ ಸಂಬಂಧವನ್ನು ಬೆರಳು ಮಡಚಿ ಹೇಳಬಲ್ಲರು. ಯಾವ ಮನೆಯಲ್ಲಿ ಯಾವಾಗ ನಿಖಾಹ್, ಯಾರಿಗೆ ಹೆರಿಗೆ, ಎಲ್ಲ ಗೊತ್ತು. ಆದರೆ ನಂಟರಲ್ಲದ, ಆಪ್ತರಲ್ಲದ, ಕೇವಲ ಪರಿಚಯಸ್ಥರಾದ ಜನ ಅವರಿಗಿಲ್ಲ. ಬ್ಯಾಂಕ್ ಮ್ಯಾನೇಜರ್, ಲಾರಿ ಏಜೆಂಟ್, ತೆರಿಗೆ ಸಲಹೆಗಾರ, ಪಕ್ಕದ ಜಿಲ್ಲೆಯ ಸಗಟು ವ್ಯಾಪಾರಿ ಇವರನ್ನೆಲ್ಲ ಗಂಡಸು ಗೊತ್ತಿಲ್ಲದೆಯೇ ಸಂಪಾದಿಸಿರುತ್ತಾನೆ.

ಬಯೋಕಾನ್ ಸಂಸ್ಥೆಯ ಕಿರಣ್ ಮಜುಂದಾರ್ ಶಾ ಅವರನ್ನೇ ನೋಡೋಣ. ಅವರು ವಿದೇಶದಲ್ಲಿ ಕಲಿತು ಬಂದದ್ದು ಬಿಯರ್ ತಯಾರಿಕೆಯ ವಿದ್ಯೆ. ಅದು ನಾವು ಮೆಚ್ಚುವ ವೃತ್ತಿಯಲ್ಲ, ಆದರೆ ವಿಷಯ ಅದಲ್ಲ. ಊರಿಗೆ ಮರಳಿದಾಗ, ಇದು ಗಂಡಸರ ಕೆಲಸವೆಂದು ಯಾರೂ ಉದ್ಯೋಗ ಕೊಡಲಿಲ್ಲ. 1978ರಲ್ಲಿ ಹತ್ತು ಸಾವಿರ ರೂಪಾಯಿ ಬಂಡವಾಳದಲ್ಲಿ, ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಬಯೋಕಾನ್ ಆರಂಭಿಸಿದರು. ಸಾಲಕ್ಕಾಗಿ ಬ್ಯಾಂಕುಗಳ ಮೆಟ್ಟಿಲು ಹತ್ತಿದರೆ, ತಂದೆಯ ಜಾಮೀನು ತನ್ನಿ ಎಂದರು. ಕಡೆಗೆ ಸಾಲ ದೊರೆತದ್ದು ಹೇಗೆ ಗೊತ್ತೇ? ಒಂದು ಸಮಾರಂಭದಲ್ಲಿ ಬ್ಯಾಂಕ್ ಅಧಿಕಾರಿಯೊಬ್ಬರು ಆಕಸ್ಮಿಕವಾಗಿ ಸಿಕ್ಕಿ ಮಾತಿಗೆ ಮಾತು ಬೆಳೆದು. ಅರ್ಜಿಯಿಂದ ಆಗದ್ದು ಪರಿಚಯದಿಂದ ಆಯಿತು. ಈ ಘಟನೆಯನ್ನು ಸಾಮಾನ್ಯವಾಗಿ ಸಾಧನೆಯ ಕತೆಯಾಗಿ ಹೇಳುತ್ತಾರೆ. ನಮಗೆ ಮಾತ್ರ ಅದನ್ನು ಓದುವಾಗಲೆಲ್ಲ ಬೇರೊಂದು ಯೋಚನೆ ಬರುತ್ತದೆ. ಅಂದು ಆ ಸಮಾರಂಭಕ್ಕೆ ಅವರು ಹೋಗದೆ ಇದ್ದಿದ್ದರೆ? ಅಂತಹ ಸಮಾರಂಭಕ್ಕೆ ಆಹ್ವಾನ ಬರುವ ಮನೆಯಲ್ಲಿ ಹುಟ್ಟದೆ ಇದ್ದಿದ್ದರೆ? ಅವರ ತಂದೆ ಒಂದು ದೊಡ್ಡ ಕಂಪೆನಿಯಲ್ಲಿ ಉನ್ನತ ಹುದ್ದೆಯಲ್ಲಿದ್ದವರು. ಶಿವಮೊಗ್ಗದ ಅಥವಾ ಭಟ್ಕಳದ ಸಾಧಾರಣ ಮನೆಯ ಹುಡುಗಿಗೆ ಬ್ಯಾಂಕ್ ಅಧಿಕಾರಿ ಯಾವ ಸಮಾರಂಭದಲ್ಲಿ ಸಿಗುತ್ತಾರೆ?

ಕಾನೂನಿನಿಂದ ಇದಕ್ಕೆ ಪರಿಹಾರವಿದೆಯೇ? ನಾರ್ವೆ ದೇಶ ಪ್ರಯತ್ನಿಸಿತು. ಅಲ್ಲಿನ ವಾಣಿಜ್ಯ ಸಚಿವರಾಗಿದ್ದ ಆನ್ಸ್‌ಗಾರ್ ಗೇಬ್ರಿಯೆಲ್ಸನ್ ಎಡಪಂಥೀಯರೇನಲ್ಲ, ಕನ್ಸರ್ವೇಟಿವ್ ಪಕ್ಷದವರು. ಸ್ವತಃ ವ್ಯಾಪಾರ ರಂಗದಿಂದ ಬಂದವರು. ಒಟ್ಟಿಗೆ ಬೇಟೆಗೆ, ಮೀನು ಹಿಡಿಯಲು ಹೋಗುವ ಸಣ್ಣದೊಂದು ಗುಂಪಿನಿಂದಲೇ ಕಂಪೆನಿಗಳ ನಿರ್ದೇಶಕರು ಆಯ್ಕೆಯಾಗುವುದನ್ನು ಅವರು ಕಣ್ಣಾರೆ ಕಂಡಿದ್ದರು. 2003ರಲ್ಲಿ ಕಾಯಿದೆ ಬಂತು: ದೊಡ್ಡ ಕಂಪೆನಿಗಳ ನಿರ್ದೇಶಕ ಮಂಡಳಿಯಲ್ಲಿ ಶೇಕಡಾ 40ರಷ್ಟು ಮಹಿಳೆಯರಿರಬೇಕು. 2008ರ ಹೊತ್ತಿಗೆ ಕಂಪೆನಿಗಳು ಅದನ್ನು ಪಾಲಿಸಿದವು. ಆಕಾಶ ಕಳಚಿ ಬೀಳಲಿಲ್ಲ. ಆದರೆ ಮಂಡಳಿಯಿಂದ ಕೆಳಗಿನ ಹುದ್ದೆಗಳಲ್ಲಿದ್ದ ಸಾಮಾನ್ಯ ಮಹಿಳಾ ನೌಕರರ ಸ್ಥಿತಿ ಅದರಿಂದ ಅಷ್ಟೇನೂ ಬದಲಾಗಲಿಲ್ಲ ಎಂದು ಆಮೇಲಿನ ಅಧ್ಯಯನಗಳು ಕಂಡುಕೊಂಡವು.

ನಮ್ಮ ದೇಶದಲ್ಲಿ 2013ರ ಕಂಪೆನಿ ಕಾಯಿದೆ ಶೇರು ಮಾರುಕಟ್ಟೆಯ ಕಂಪೆನಿಗಳಿಗೂ ಇತರ ದೊಡ್ಡ ಸಾರ್ವಜನಿಕ ಕಂಪೆನಿಗಳಿಗೂ ಕನಿಷ್ಠ ಒಬ್ಬ ಮಹಿಳಾ ನಿರ್ದೇಶಕಿಯನ್ನು ಕಡ್ಡಾಯ ಮಾಡಿತು. ಒಬ್ಬರು! ಅದಕ್ಕೂ ಕಂಪೆನಿಗಳು ತಿಣುಕಾಡಿದವು. 2014ರ ಅಕ್ಟೋಬರ್‌ಗೆ ಇದ್ದ ಗಡುವನ್ನು ಸೆಬಿ 2015ರ ಏಪ್ರಿಲ್‌ಗೆ ಮುಂದೂಡಬೇಕಾಯಿತು. ಎಷ್ಟೋ ಕಂಪೆನಿಗಳು ಹೊರಗೆ ಹುಡುಕುವ ಶ್ರಮವನ್ನೇ ತೆಗೆದುಕೊಳ್ಳದೆ ಮಾಲೀಕರ ಪತ್ನಿಯನ್ನೋ ಮಗಳನ್ನೋ ಸೊಸೆಯನ್ನೋ ತಂದು ಕುಳ್ಳಿರಿಸಿದವು. ದೇಶದ ಅತಿ ದೊಡ್ಡ ಖಾಸಗಿ ಕಂಪೆನಿಗಳಲ್ಲೊಂದಾದ ರಿಲಯನ್ಸ್ ಇಂಡಸ್ಟ್ರೀಸ್ 2014ರ ಜೂನ್‌ನಲ್ಲಿ ತನ್ನ ಮಂಡಳಿಗೆ ನೇಮಿಸಿದ್ದು ನೀತಾ ಅಂಬಾನಿಯವರನ್ನು. ಮನೆಯ ಹೆಣ್ಣುಮಗಳಿಗೆ ಅರ್ಹತೆ ಇರುವುದಿಲ್ಲವೆಂದು ನಾವು ಹೇಳುತ್ತಿಲ್ಲ. ಪ್ಲೈವುಡ್ ಅಂಗಡಿಯ ಆ ಹುಡುಗಿಯೂ ಮನೆಯ ಹೆಣ್ಣುಮಗಳೇ. ಆದರೆ ಕಾಯಿದೆಯ ಆಶಯ ಗೆಳೆತನದ ಬೇಲಿಯನ್ನು ಒಡೆಯುವುದಾಗಿತ್ತು. ಬೇಲಿ ಹಾಗೆಯೇ ಉಳಿಯಿತು, ಒಳಗಿದ್ದವರೇ ಇನ್ನೊಂದು ಕುರ್ಚಿ ಹಾಕಿಕೊಂಡರು. ಕೊನೆಗೆ ಸೆಬಿ, ಕೋಟಕ್ ಸಮಿತಿಯ ಶಿಫಾರಸಿನ ಮೇರೆಗೆ, ಮಾರುಕಟ್ಟೆಯ ಅಗ್ರ 500 ಕಂಪೆನಿಗಳು 2019ರ ಏಪ್ರಿಲ್‌ನಿಂದಲೂ ಅಗ್ರ 1000 ಕಂಪೆನಿಗಳು 2020ರ ಏಪ್ರಿಲ್‌ನಿಂದಲೂ ಒಬ್ಬ 'ಸ್ವತಂತ್ರ' ಮಹಿಳಾ ನಿರ್ದೇಶಕಿಯನ್ನು ಹೊಂದಿರಬೇಕೆಂದು ವಿಧಿಸಿತು. ಸ್ವತಂತ್ರ ಎಂಬ ಪದವನ್ನು ಸೇರಿಸಬೇಕಾಗಿ ಬಂದದ್ದೇ ಒಂದು ವ್ಯಾಖ್ಯಾನ.

ಈ ಹಂತದಲ್ಲಿ ನಮ್ಮ ಓದುಗರಲ್ಲಿ ಕೆಲವರು ಹುಬ್ಬೇರಿಸುವುದು ನಮಗೆ ಗೊತ್ತು. 'ಹಾಗಾದರೆ ನಮ್ಮ ಹೆಣ್ಣುಮಕ್ಕಳು ಕ್ಲಬ್ಬುಗಳಿಗೆ, ರಾತ್ರಿಯ ಪಾರ್ಟಿಗಳಿಗೆ ಹೋಗಬೇಕೇ? ಹೊಟೇಲಿನಲ್ಲಿ ಗಂಡಸರ ಮಧ್ಯೆ ಕುಳಿತು ಚಹಾ ಕುಡಿಯಬೇಕೇ?' ಬೇಡ. ನಾವು ಹೇಳುತ್ತಿರುವುದು ಬೇರೆಯೇ. ಮದ್ಯದ ಬಟ್ಟಲಿನ ಸುತ್ತ ನಡೆಯುವ ವ್ಯವಹಾರದಿಂದ ನಮ್ಮ ಗಂಡಸರೂ ಹೊರಗುಳಿದಿದ್ದಾರಲ್ಲವೇ? ಬೆಂಗಳೂರಿನ ಐಟಿ ಕಂಪೆನಿಗಳಲ್ಲಿ ದುಡಿಯುವ, ಕುಡಿಯದ ನಮ್ಮ ಯುವಕರನ್ನು ಕೇಳಿ ನೋಡಿ. ಶುಕ್ರವಾರ ಸಂಜೆಯ ಕೂಟದಿಂದ ಬೇಗ ಎದ್ದು ಬಂದ ಮೇಲೆ ಅಲ್ಲಿ ಏನೇನು ತೀರ್ಮಾನವಾಯಿತೆಂದು ಸೋಮವಾರ ತಿಳಿದು ಬೆಪ್ಪಾದ ಅನುಭವ ಅವರಿಗಿದೆ. ಹೆಣ್ಣನ್ನು ಆ ಕೂಟಕ್ಕೆ ಎಳೆದೊಯ್ಯುವುದು ಪರಿಹಾರವಲ್ಲ. ತೀರ್ಮಾನವನ್ನು ಆ ಕೂಟದಿಂದ ಹೊರಗೆ, ಹಗಲಿನ ಬೆಳಕಿಗೆ, ನೋಟೀಸು ಕೊಟ್ಟು ನಡೆಸುವ ಸಭೆಗೆ, ನಡಾವಳಿ ಪುಸ್ತಕಕ್ಕೆ ತರಬೇಕು.

ಅಮೆರಿಕದ ಉಪಾಧ್ಯಕ್ಷರಾಗಿದ್ದ ಮೈಕ್ ಪೆನ್ಸ್ ಅವರ ನಿಯಮವೊಂದು 2017ರಲ್ಲಿ ಬಹಳ ಚರ್ಚೆಯಾಯಿತು. ಪತ್ನಿಯನ್ನು ಹೊರತುಪಡಿಸಿ ಬೇರೆ ಹೆಣ್ಣಿನೊಂದಿಗೆ ಒಂಟಿಯಾಗಿ ಊಟಕ್ಕೆ ಕುಳಿತುಕೊಳ್ಳುವುದಿಲ್ಲವೆಂದು ಅವರು 2002ರಲ್ಲೇ ಹೇಳಿದ್ದರು. ಹಲವರು ನಕ್ಕರು. ನಾವು ನಗುವುದಿಲ್ಲ. ಅನ್ಯ ಸ್ತ್ರೀಯೊಂದಿಗೆ ಏಕಾಂತ ಬೇಡವೆಂಬುದು ನಮಗೆ ಹೊಸ ಪಾಠವೂ ಅಲ್ಲ. ಆದರೆ ಆ ಮರ್ಯಾದೆಯ ಬೆಲೆಯನ್ನು ಯಾರು ತೆರಬೇಕು? ಗಂಡು ನೌಕರನನ್ನು ಊಟಕ್ಕೆ ಕರೆದೊಯ್ದು ಅವನ ಭವಿಷ್ಯದ ಬಗ್ಗೆ ಮಾತಾಡುವ ಅಧಿಕಾರಿ, ಹೆಣ್ಣು ನೌಕರಳನ್ನು ಮಾತ್ರ ಮರ್ಯಾದೆಯ ಹೆಸರಲ್ಲಿ ದೂರ ಇಟ್ಟರೆ, ಮರ್ಯಾದೆ ಅವನದ್ದು, ನಷ್ಟ ಅವಳದ್ದು. ಅವಳೊಂದಿಗೆ ಊಟಕ್ಕೆ ಹೋಗದವನು ಅವನೊಂದಿಗೂ ಹೋಗದಿರಲಿ. ಇಬ್ಬರನ್ನೂ ಕಚೇರಿಯಲ್ಲೇ, ಬಾಗಿಲು ತೆರೆದಿಟ್ಟು ಮಾತಾಡಿಸಲಿ. ಮರ್ಯಾದೆಯೂ ಉಳಿಯುತ್ತದೆ, ನ್ಯಾಯವೂ.

ಮಹಿಳಾ ಸಮಾವೇಶಗಳಲ್ಲಿ ನಾವು ಹ. ಖದೀಜಾ(ರ)ರ ಹೆಸರನ್ನು ಅಭಿಮಾನದಿಂದ ಎತ್ತುತ್ತೇವೆ. ಮಕ್ಕಾದ ಶ್ರೀಮಂತ ವರ್ತಕಿ, ಪ್ರವಾದಿ(ಸ)ರಿಗೆ ವ್ಯಾಪಾರದ ಹೊಣೆ ವಹಿಸಿ ಸಿರಿಯಾಕ್ಕೆ ಕಳುಹಿಸಿದವರು ಎನ್ನುತ್ತೇವೆ. ಅಲ್ಲಿಗೆ ಭಾಷಣ ಮುಗಿಯುತ್ತದೆ. ಆ ಚರಿತ್ರೆಯಲ್ಲಿ ನಾವು ಗಮನಿಸದ ಒಂದು ಅಂಶವಿದೆ. ಖದೀಜಾ(ರ) ಆ ಹೊಣೆ ವಹಿಸಿದ್ದು ಆ ಯುವಕರ ಸತ್ಯಸಂಧತೆಯ ಬಗ್ಗೆ ಕೇಳಿ ತಿಳಿದುಕೊಂಡ ಬಳಿಕ. ಅಂದರೆ ಮಾರುಕಟ್ಟೆಯಲ್ಲಿ ಯಾರು ನಂಬಿಗಸ್ತರು, ಯಾರು ಅಲ್ಲ ಎಂಬ ಸುದ್ದಿ ಅವರಿಗೆ ತಲುಪುತ್ತಿತ್ತು. ಅವರು ಸಾರ್ಥದ ಜೊತೆ ಪ್ರಯಾಣ ಮಾಡಲಿಲ್ಲ. ಆದರೆ ಸಾರ್ಥದ ಸುದ್ದಿ ಅವರಿಂದ ಮರೆಯಾಗಿರಲಿಲ್ಲ. ನಮ್ಮ ಹೆಣ್ಣುಮಕ್ಕಳ ಕೈಗೆ ಅಂಗಡಿಯ ಬೀಗದ ಕೈ ಬಂದರೂ ಆ ಸುದ್ದಿ ಬರುತ್ತಿಲ್ಲ.

ಪರಿಚಯವಿಲ್ಲದವನ ಪಾಡೇನು ಎಂಬುದನ್ನು ಮುಸ್ಲಿಮ್ ವ್ಯಾಪಾರಿಗಿಂತ ಚೆನ್ನಾಗಿ ಬಲ್ಲವರು ಯಾರು? ಕೆಲವು ಬ್ಯಾಂಕುಗಳು ಮುಸ್ಲಿಮರು ಹೆಚ್ಚಾಗಿರುವ ಪ್ರದೇಶಗಳನ್ನು ಸಾಲ ನೀಡಬಾರದ ವಲಯಗಳೆಂದು ಗುರುತು ಮಾಡಿಟ್ಟುಕೊಂಡಿವೆ ಎಂಬ ಸಂಗತಿಯನ್ನು ಸಾಚಾರ್ ಸಮಿತಿಯ ವರದಿ 2006ರಲ್ಲಿ ದಾಖಲಿಸಿತು. ನಾವು ಅದನ್ನು ವೇದಿಕೆಗಳಲ್ಲಿ ಉಲ್ಲೇಖಿಸಿದ್ದೇವೆ, ಮನವಿಪತ್ರಗಳಲ್ಲಿ ಬರೆದಿದ್ದೇವೆ. ಬ್ಯಾಂಕಿನ ಬಾಗಿಲಲ್ಲಿ ನಮ್ಮನ್ನು ಕಂಡೂ ಕಾಣದಂತೆ ಇರುವ ಆ ನೋಟವನ್ನೇ, ನಮ್ಮ ವರ್ತಕರ ಮೇಜು ನಮ್ಮದೇ ಹೆಣ್ಣುಮಗಳ ಮೇಲೆ ಬೀರುತ್ತದೆ. ಮನವಿಪತ್ರವನ್ನು ಅವಳು ಯಾರಿಗೆ ಬರೆಯಬೇಕು?

ಗೆಳೆತನದಿಂದ ಒಳ್ಳೆಯದೂ ಆಗಿದೆ, ಅದನ್ನು ಮರೆಯಬಾರದು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಳೀಯ ಗಣ್ಯರೊಂದಿಗೆ ಸೇರಿ ಐದು ಸಾವಿರ ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಸಂಸ್ಥೆಯೇ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗುವವರೆಗೂ ಅದು ಕರಾವಳಿಯ ಹೆಮ್ಮೆಯಾಗಿತ್ತು. ಧರ್ಮದ ಗೆರೆ ದಾಟಿದ ಸ್ನೇಹ ಒಂದು ಬ್ಯಾಂಕನ್ನೇ ಕಟ್ಟಬಲ್ಲದಾದರೆ, ಅಂತಹ ಸ್ನೇಹದ ಶಕ್ತಿ ಎಷ್ಟೆಂದು ಊಹಿಸಬಹುದು. ಹೆಂಗಸರೂ ತಮ್ಮದೇ ಕೂಟದಿಂದ ಕಟ್ಟಿದ್ದಾರೆ. 1959ರಲ್ಲಿ ಮುಂಬಯಿಯ ಗಿರ್‌ಗಾಂವ್‌ನಲ್ಲಿ ಏಳು ಮಂದಿ ಗೃಹಿಣಿಯರು ತಮ್ಮ ಕಟ್ಟಡದ ತಾರಸಿಯ ಮೇಲೆ ಎಂಬತ್ತು ರೂಪಾಯಿ ಸಾಲದಿಂದ ಆರಂಭಿಸಿದ್ದೇ ಲಿಜ್ಜತ್ ಪಾಪಡ್. ಅವರಿಗೆ ಕ್ಲಬ್ಬಿರಲಿಲ್ಲ, ತಾರಸಿಯಿತ್ತು. 1983ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವೇಕ್ ಎಂಬ ಮಹಿಳಾ ಉದ್ಯಮಿಗಳ ಸಂಘ ಸಣ್ಣ ಉದ್ಯಮ ಆರಂಭಿಸಬೇಕೆಂದಿರುವ ಹೆಂಗಸರಿಗೆ ದಾರಿ ತೋರಿಸಿದೆ. ನಮ್ಮ ಪಟ್ಟಣಗಳಲ್ಲಿ ಮನೆಯಿಂದಲೇ ಕೇಕು, ಉಪ್ಪಿನಕಾಯಿ, ಹೊಲಿಗೆ, ಟ್ಯೂಷನ್ ನಡೆಸುವ ಹೆಣ್ಣುಮಕ್ಕಳು ನೂರಾರು ಇದ್ದಾರೆ. ಅವರು ಒಬ್ಬರನ್ನೊಬ್ಬರು ಬಲ್ಲರೇ? ಆದರೆ ಹೆಂಗಸರದ್ದೇ ಬೇರೆ ಕೂಟ ಮಾಡಿಕೊಟ್ಟು ಕೈ ತೊಳೆದುಕೊಳ್ಳುವಂತೆಯೂ ಇಲ್ಲ. ಉದ್ರಿ, ಗುತ್ತಿಗೆ, ಸಗಟು ಮಾಲು ಇವೆಲ್ಲ ಇರುವುದು ಇನ್ನೊಂದು ಮೇಜಿನಲ್ಲಿ.

ವರ್ತಕರ ಸಂಘಗಳು ಮಾಡಬಹುದಾದ ಕೆಲಸ ಕಷ್ಟದ್ದೇನಲ್ಲ. ಸಭೆಯನ್ನು ರಾತ್ರಿ ಒಂಬತ್ತಕ್ಕೆ ಹೊಟೇಲಿನಲ್ಲಿ ಮಾಡುವ ಬದಲು ಅಸರ್ ಬಳಿಕ ಸಂಘದ ಕಚೇರಿಯಲ್ಲಿ ಮಾಡಲಿ. ಉದ್ರಿಯ ನಿಯಮ ಬರಹದಲ್ಲಿರಲಿ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂಬುದು ಕುರ್‌ಆನಿನ ಸ್ಪಷ್ಟ ಆದೇಶ. ನಾವು ಅದನ್ನು ಓದುತ್ತೇವೆ, ಆದರೆ ಬಾಯಿಮಾತಿನಲ್ಲೇ ವ್ಯವಹರಿಸುತ್ತೇವೆ. ಬರೆದಿದ್ದರೆ ಆ ಗುತ್ತಿಗೆದಾರರು ಫೋನು ಎತ್ತದೆ ಇರುತ್ತಿರಲಿಲ್ಲ. ಬೆಲೆಯ ಸುದ್ದಿ ಹರಿದಾಡುವ ವಾಟ್ಸ್ಆ್ಯಪ್ ಗುಂಪಿಗೆ ಅಂಗಡಿಯ ಹಕ್ಕುದಾರರ ಸಂಖ್ಯೆ ಸೇರಲಿ, ಗಂಡಾಗಲಿ ಹೆಣ್ಣಾಗಲಿ. ತಂದೆಯಂದಿರು ಬದುಕಿರುವಾಗಲೇ ಮಗಳನ್ನು ಬ್ಯಾಂಕಿಗೂ ಸಗಟು ವರ್ತಕರ ಗೋದಾಮಿಗೂ ಜೊತೆಗೆ ಕರೆದೊಯ್ದು 'ಇವಳು ನನ್ನ ಮಗಳು, ಲೆಕ್ಕ ನೋಡಿಕೊಳ್ಳುವವಳು' ಎಂದು ಹೇಳಲಿ. ಮಗನ ವಿಷಯದಲ್ಲಿ ಅವರು ಇದನ್ನು ಅವನ ಹನ್ನೆರಡನೆಯ ವಯಸ್ಸಿನಿಂದಲೇ ಮಾಡುತ್ತಾ ಬಂದಿದ್ದಾರೆ.

ಆ ಪಟ್ಟಣದ ವರ್ತಕರ ಸಂಘದ ವಾರ್ಷಿಕ ಮಹಾಸಭೆ ಬರುವ ತಿಂಗಳಿದೆ. ಈ ಬಾರಿಯಾದರೂ ಹೋಗಬೇಕೆಂದು ಆ ಹುಡುಗಿ ತಾಯಿಯೊಂದಿಗೆ ಮಾತಾಡಿಕೊಂಡಿದ್ದಳು. ಎಂಟರಲ್ಲಿ ಐದು ಪಾಲಿನ ಒಡತಿಯರು ಅವರು. ಸಭೆಯ ನೋಟೀಸು ಅಂಗಡಿಯ ಹೆಸರಿಗೇ ಬಂದಿದೆ, ಚಿಕ್ಕಪ್ಪನ ಮೊಬೈಲಿಗೆ.